ಓದುಗರ ಪ್ರಶ್ನೆ: ಮತ ಹಾಕಲೆಂದು ಕಟ್ಟಿದ ಮನೆ

ಹಿಂದಿನ ಸಂಚಿಕೆಯಲ್ಲಿ ಇಂಗ್ಲೆಂಡಿನ ಸಣ್ಣ ಹಿಡುವಳಿದಾರನೊಬ್ಬನ ಮನೆಯ ಬಗ್ಗೆ ಇದೇ ಪುಟದಲ್ಲಿ ನಾಲ್ಕು ಸಾಲು ಬರೆದಿದ್ದೆ. ವುಸ್ಟರ್‌ಶೈರ್ ಸೀಮೆಯ ಗ್ರೇಟ್ ಡಾಡ್‌ಫರ್ಡ್ ಎಂಬ ಹಳ್ಳಿಯಲ್ಲಿ 1849ರ ಸುಮಾರಿಗೆ ಕಟ್ಟಿದ ಆ ಮನೆಯ ಹೆಸರು ರೋಸ್‌ಡೀನ್. ಈಗ ಅದು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಒಡೆತನದಲ್ಲಿದೆ. ಆ ನಾಲ್ಕು ಸಾಲಿಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದಲೇ ಹೆಚ್ಚು ಪತ್ರಗಳು ಬಂದದ್ದು ನನಗೆ ಆಶ್ಚರ್ಯವೆನಿಸಲಿಲ್ಲ. 2 ಎಕರೆ, 4 ಎಕರೆಯಲ್ಲಿ ಸಂಸಾರ ತೂಗಿಸುವ ಲೆಕ್ಕವನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪತ್ರಗಳೆಲ್ಲ ಒಂದೇ ವಿಷಯದವಾದ್ದರಿಂದ ಈ ಸಲದ ಪುಟವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಬರ್ಮಿಂಗ್‌ಹ್ಯಾಮಿಗೆ ಹೋಗಿದ್ದಾಗ ನಾನು ಈ ಮನೆಯನ್ನು ಕಣ್ಣಾರೆ ನೋಡಿ ಬಂದೆ. ನಮ್ಮ ಹಳ್ಳಿಯ ಮೂರಂಕಣದ ಮನೆಗಿಂತ ದೊಡ್ಡದೇನಲ್ಲ. ರಾಜನೊಬ್ಬ ಇದ್ದ ಮನೆಯೂ ಅಲ್ಲ, ಕವಿಯೊಬ್ಬ ಹುಟ್ಟಿದ ಮನೆಯೂ ಅಲ್ಲ. ಇಷ್ಟು ಜತನದಿಂದ ಕಾಪಾಡಿಕೊಂಡು ಬರುವಂಥದ್ದು ಅದರಲ್ಲಿ ಏನಿದೆ?
– ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ತಮ್ಮ ಪತ್ರದ ಜೊತೆಗೆ, ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದ ಮನೆಯ ನಕ್ಷೆ ಇತ್ತು. ಹೆಜ್ಜೆ ಎಣಿಸಿ ಅಳತೆ ಹಾಕಿದ್ದೀರಿ, ಮುಂಬಾಗಿಲಿನ ಮೇಲೆ ಒಂದು ತ್ರಿಕೋನ ಎಳೆದು ಪಕ್ಕದಲ್ಲಿ ‘ಇದೇಕೆ?’ ಎಂದು ಕೇಳಿದ್ದೀರಿ. ಆ ತ್ರಿಕೋನಕ್ಕೆ ಮುಂದಿನ ಉತ್ತರದಲ್ಲಿ ಬರುತ್ತೇನೆ. ಮೊದಲು ಮನೆ ಹುಟ್ಟಿದ ಕಥೆ.

1832ರ ಸುಧಾರಣಾ ಕಾಯ್ದೆಯಾದ ಮೇಲೂ ಬ್ರಿಟನ್ನಿನ ಕೂಲಿಕಾರರಿಗೆ ಮತದಾನದ ಹಕ್ಕು ಇರಲಿಲ್ಲ. ಅದನ್ನು ಕೇಳಿ 1838ರಲ್ಲಿ ‘ಜನತೆಯ ಸನ್ನದು’ ಎಂಬ ಬೇಡಿಕೆಪತ್ರ ಹೊರಟಿತು. ವಯಸ್ಕ ಗಂಡಸರಿಗೆಲ್ಲ ಮತ, ಗುಪ್ತ ಮತದಾನ, ಸಂಸತ್ ಸದಸ್ಯರಾಗಲು ಆಸ್ತಿಯ ಷರತ್ತು ಇರಬಾರದು, ಸದಸ್ಯರಿಗೆ ಸಂಬಳ, ಸಮಾನ ಗಾತ್ರದ ಕ್ಷೇತ್ರಗಳು, ವರ್ಷಕ್ಕೊಮ್ಮೆ ಚುನಾವಣೆ ಎಂಬ 6 ಬೇಡಿಕೆಗಳು ಅದರಲ್ಲಿದ್ದವು. ಸನ್ನದಿಗೆ ಅಲ್ಲಿನ ಮಾತಿನಲ್ಲಿ ಚಾರ್ಟರ್ ಎನ್ನುವುದರಿಂದ ಈ ಚಳವಳಿಯವರನ್ನು ಚಾರ್ಟಿಸ್ಟರು ಎಂದು ಕರೆದರು. 1839ರಲ್ಲಿ ಒಮ್ಮೆ, 1842ರಲ್ಲಿ 30 ಲಕ್ಷಕ್ಕೂ ಮೀರಿದ ಸಹಿಗಳೊಂದಿಗೆ ಇನ್ನೊಮ್ಮೆ ಸಲ್ಲಿಸಿದ ಮನವಿಯನ್ನು ಸಂಸತ್ತು ಎರಡು ಸಲವೂ ತಳ್ಳಿಹಾಕಿತು.

ಆಗ ಚಳವಳಿಯ ನಾಯಕ, ಐರ್ಲೆಂಡಿನ ಫರ್ಗಸ್ ಓ’ಕಾನರ್ ಬೇರೊಂದು ದಾರಿ ಹಿಡಿದ. ವರ್ಷಕ್ಕೆ 40 ಶಿಲಿಂಗ್ ಬೆಲೆಬಾಳುವ ಸ್ವಂತ ಭೂಮಿ ಇದ್ದ ಗಂಡಸಿಗೆ ಕೌಂಟಿ ಕ್ಷೇತ್ರದಲ್ಲಿ ಮತ ಹಾಕುವ ಹಕ್ಕು ಬಹಳ ಹಿಂದಿನಿಂದಲೇ ಇತ್ತು. ಹಾಗಿದ್ದ ಮೇಲೆ ಮಗ್ಗದವನಿಗೂ ಚಪ್ಪಲಿ ಹೊಲಿಯುವವನಿಗೂ ಒಂದಿಷ್ಟು ಭೂಮಿ ಕೊಡಿಸಿಬಿಟ್ಟರೆ ಕಾರ್ಖಾನೆಯ ಒಡೆಯನ ಹಂಗೂ ತಪ್ಪುತ್ತದೆ, ಮತವೂ ಕೈಗೆ ಬರುತ್ತದೆ ಎಂಬುದು ಅವನ ಲೆಕ್ಕಾಚಾರ. 1845ರಲ್ಲಿ ಇದಕ್ಕಾಗಿ ಒಂದು ಭೂ ಕಂಪನಿ ಶುರುವಾಯಿತು. ಒಂದು ಷೇರಿಗೆ 26 ಶಿಲಿಂಗ್; ಅದನ್ನೂ ವಾರವಾರ ಚಿಲ್ಲರೆ ಕಾಸಿನಲ್ಲಿ ಕಟ್ಟಬಹುದಿತ್ತು. ಕಟ್ಟಿದವರ ಹೆಸರನ್ನು ಚೀಟಿ ಎತ್ತಿ, ಬಂದವರಿಗೆ ಅವರು ಕಟ್ಟಿದ ಷೇರಿಗೆ ತಕ್ಕಂತೆ 2, 3 ಅಥವಾ 4 ಎಕರೆ ಭೂಮಿ, ಅದರ ಮೇಲೊಂದು ಹೊಸ ಮನೆ, ಜೊತೆಗೆ ಬೇಸಾಯಕ್ಕೆಂದು 15ರಿಂದ 30 ಪೌಂಡ್ ಮುಂಗಡ. ನಮ್ಮಲ್ಲಿ ತಿಂಗಳ ಚೀಟಿ ಕಟ್ಟಿದವರಿಗೆ ಇದರ ಆಸೆಯೂ ಅರ್ಥವಾಗುತ್ತದೆ, ಅಪಾಯವೂ ಅರ್ಥವಾಗುತ್ತದೆ. ಸುಮಾರು 70,000 ಜನ ಹಣ ಕಟ್ಟಿದರು. ಭೂಮಿಯ ಮೇಲೆ ಹೋಗಿ ನಿಂತದ್ದು ಸುಮಾರು 250 ಸಂಸಾರ.

ಕಂಪನಿ 5 ಕಡೆ ಭೂಮಿ ಕೊಂಡು ಮನೆ ಕಟ್ಟಿಸಿತು. ಹರ್ಟ್‌ಫರ್ಡ್‌ಶೈರಿನ ಹೆರನ್ಸ್‌ಗೇಟ್ ಮೊದಲನೆಯದು, 1847ರ ಮೇ ತಿಂಗಳಲ್ಲಿ ಅಲ್ಲಿಗೆ ಮೊದಲ ಸಂಸಾರಗಳು ಬಂದವು. ಗ್ರೇಟ್ ಡಾಡ್‌ಫರ್ಡ್ ಕೊನೆಯದು. ಉಳಿದ ಮನೆಗಳಲ್ಲಿ ಹೆಚ್ಚಿನವು ಮಾಲೀಕರಿಂದ ಮಾಲೀಕರಿಗೆ ಹೋಗುತ್ತ ಮಹಡಿ, ಗಾಜಿನ ಕೋಣೆ, ಗ್ಯಾರೇಜು ಸೇರಿಸಿಕೊಂಡು ಗುರುತು ಸಿಗದ ಹಾಗೆ ಬೆಳೆದಿವೆ. ರೋಸ್‌ಡೀನ್ ಮಾತ್ರ ಹೆಚ್ಚು ಕೈ ತಾಗದೆ ಉಳಿಯಿತು. 1990ರ ದಶಕದ ಕೊನೆಯಲ್ಲಿ ಟ್ರಸ್ಟ್ ಅದನ್ನು ಕೊಂಡು, ಚಾರ್ಟಿಸ್ಟರ ಕಾಲದಲ್ಲಿ ಹೇಗಿತ್ತೋ ಹಾಗೆ ದುರಸ್ತಿ ಮಾಡಿಸಿತು. 70,000 ಜನ ದುಡಿದು ಉಳಿಸಿದ ಕಾಸಿನಲ್ಲಿ ಕಟ್ಟಿದ ಮನೆ ಹೇಗಿತ್ತು ಎಂದು ಇವತ್ತು ಕೈಮುಟ್ಟಿ ನೋಡಬೇಕೆಂದರೆ ಅದೊಂದೇ ಸರಿಯಾಗಿ ಉಳಿದಿರುವ ಸಾಕ್ಷಿ. ಕಾಪಾಡಲು ನನಗೆ ಇಷ್ಟು ಕಾರಣ ಸಾಕು.

ಪ್ರಶ್ನೆ: ಆ ಮನೆಯ ಒಳರಚನೆಯನ್ನು ವಿವರಿಸುತ್ತೀರಾ? ನಮ್ಮದು ಕಾಫಿ ತೋಟದ ನಡುವಿನ ಒಂಟಿಮನೆ. ಅವರದೂ ಹೀಗೆಯೇ ಹಿಡುವಳಿಯ ಒಳಗೇ ಇತ್ತೇ, ಅಥವಾ ಊರೊಳಗೆ ಸಾಲುಮನೆಯೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ತಮ್ಮದರಂತೆಯೇ ಹಿಡುವಳಿಯ ಒಳಗೆ. ಅರಸೀಕೆರೆ, ಬೇಲೂರಿನ ಬಯಲು ಕಡೆ ಮನೆಗಳೆಲ್ಲ ಊರೊಳಗೆ ಒತ್ತೊತ್ತಾಗಿದ್ದು ಹೊಲ ದೂರದಲ್ಲಿರುತ್ತದೆ. ಸಕಲೇಶಪುರ, ಮೂಡಿಗೆರೆ ದಾಟಿದರೆ ಗದ್ದೆಯ ತಲೆಯ ಮೇಲೆ ಒಂದು ಮನೆ, ಅದರಿಂದ ಕೂಗಳತೆಯಾಚೆ ಇನ್ನೊಂದು. ಓ’ಕಾನರ್ ಎರಡನ್ನೂ ಬೆರೆಸಿದ್ದ. ನೇರವಾದ ಓಣಿಯ ಉದ್ದಕ್ಕೂ ಮನೆಗಳು, ಪ್ರತಿ ಮನೆಯ ಸುತ್ತ ಅದರದೇ ಎಕರೆಗಳು. ಬಾಗಿಲು ತೆರೆದರೆ ನೆರೆಯವನ ಮನೆ ಕಾಣಬೇಕು, ಹಿತ್ತಿಲಿಗೆ ಇಳಿದರೆ ತನ್ನ ಸಾಲು ಕಾಣಬೇಕು. ಗುದ್ದಲಿ ಬೇಸಾಯವನ್ನೇ ನಂಬಿದ್ದವನಿಗೆ ಹೊಲಕ್ಕೂ ಮನೆಗೂ ನಡುವೆ ನಡೆಯುವ ಹೊತ್ತು ದಂಡವಾಗಿ ಕಂಡಿದ್ದರೆ ಸೋಜಿಗವಿಲ್ಲ.

ಮನೆ ಒಂದೇ ಅಂತಸ್ತಿನದು. ಮುಂಭಾಗದಲ್ಲಿ ಸಾಲಾಗಿ 3 ಕೋಣೆಗಳು: ನಡುವಿನದು ಒಲೆ ಇರುವ ಅಡುಗೆಮನೆ, ಕೂರುವುದು, ಉಣ್ಣುವುದು, ಕೆಲಸ ಮಾಡುವುದು ಎಲ್ಲ ಅಲ್ಲಿಯೇ, ಅದರ ಎಡಕ್ಕೂ ಬಲಕ್ಕೂ ಒಂದೊಂದು ಮಲಗುವ ಕೋಣೆ. ನಮ್ಮ ಮೂರಂಕಣದ ಮನೆಯ ನಡುಮನೆಯನ್ನು ನೆನೆದುಕೊಂಡರೆ ತಪ್ಪಾಗದು. ಹಿಂದುಗಡೆ ತಗ್ಗು ಮಾಡಿನ ಕೆಳಗೆ ಬಟ್ಟೆ ಒಗೆಯುವ ಜಾಗ, ಹಾಲು–ಬೆಣ್ಣೆಯ ತಂಪು ಕೋಣೆ, ಸೌದೆ–ಸಲಕರಣೆಯ ಕೊಠಡಿ. ಅದರಾಚೆ ಹಂದಿಗೂಡು. ಈಗಿನವರು ಮೂಗು ಮುರಿದರೂ ಹಂದಿ ಆ ಮನೆಯ ಉಳಿತಾಯ ಖಾತೆಯಾಗಿತ್ತು: ಅಡುಗೆಯ ಉಳಿಕೆ ಅದರ ಹೊಟ್ಟೆಗೆ, ಅದರ ಗೊಬ್ಬರ ಹೊಲಕ್ಕೆ, ವರ್ಷದ ಕೊನೆಗೆ ಮಾಂಸ ಮನೆಗೆ. ಹಿತ್ತಿಲ ಬಾಗಿಲಿನಿಂದ ಹಂದಿಗೂಡು, ಅಲ್ಲಿಂದ ತಿಪ್ಪೆ, ತಿಪ್ಪೆಯಿಂದ ಹೊಲ, ಈ ಓಡಾಟದ ಜಾಡಿನ ಮೇಲೆಯೇ ಹಿಂಭಾಗದ ನಕ್ಷೆ ನಿಂತಿದೆ. ವಾಸ್ತುಶಿಲ್ಪ ಎಂದರೆ ಕಂಬದ ಮೇಲಿನ ಕೆತ್ತನೆ ಎಂದಷ್ಟೇ ತಿಳಿದ ಹೊಯ್ಸಳ ಸೀಮೆಯ ನಾವು ಇಂಥ ಹಿತ್ತಿಲುಗಳನ್ನೂ ಸ್ವಲ್ಪ ನಿಂತು ನೋಡುವುದು ಒಳ್ಳೆಯದು.

ಈಗ ಹಾಸನದ ಶಿಕ್ಷಕಿಯವರು ಕೇಳಿದ ತ್ರಿಕೋನ. ನಡುವಿನ ಕೋಣೆಯ ಮುಂಗೋಡೆ ಅಕ್ಕಪಕ್ಕದವಕ್ಕಿಂತ ತುಸು ಮುಂದಕ್ಕೆ ಬಂದಿದ್ದು, ಅದರ ಮೇಲಿನ ಮಾಡು ಎರಡು ಇಳಿಜಾರಾಗಿ ಮುಂದಕ್ಕೆ ಚಾಚಿ ಮುಖದಲ್ಲಿ ತ್ರಿಕೋನ ಗೋಡೆಯನ್ನು ಉಂಟುಮಾಡುತ್ತದೆ. ಈ ಕಂಪನಿಯ ಹಲವು ಮನೆಗಳಲ್ಲಿ ಆ ತ್ರಿಕೋನದ ನಡುವೆ ಹೂವಿನ ಎಸಳಿನಂತೆ ಕೊರೆದ ಸಣ್ಣ ಗಾಳಿಕಂಡಿಯೂ ಇರುತ್ತದೆ. ಅಟ್ಟಕ್ಕೆ ಗಾಳಿ ಆಡಲು ಬರೀ ಒಂದು ತೂತು ಸಾಕಾಗಿತ್ತು. ಎಸಳು ಕೊರೆಸಿದ್ದೂ ಮುಖವನ್ನು ಮುಂದಕ್ಕೆ ತಂದದ್ದೂ ಮರ್ಯಾದೆಗಾಗಿ ಎಂದೇ ನಾನು ಭಾವಿಸುತ್ತೇನೆ. ಇದು ಜಮೀನ್ದಾರ ತನ್ನ ಆಳಿಗೆ ಕಟ್ಟಿಸಿಕೊಟ್ಟ ಬಿಡಾರವಲ್ಲ, ಒಡೆಯನ ಮನೆ ಎಂದು ದಾರಿಹೋಕನಿಗೆ ತಿಳಿಯಬೇಕಿತ್ತು. ನಮ್ಮಲ್ಲಿ ಎಷ್ಟೇ ಬಡವನಾದರೂ ತಲೆಬಾಗಿಲಿಗೆ ಒಂದು ಪಟ್ಟಿ ಕೆತ್ತನೆ ಮಾಡಿಸುತ್ತಿದ್ದ ಹಾಗೆ.

5 ಊರುಗಳಲ್ಲೂ ನಕ್ಷೆ ಸಣ್ಣಪುಟ್ಟ ಬದಲಾವಣೆಯೊಂದಿಗೆ ಒಂದೇ, ಬದಲಾದದ್ದು ಸಾಮಗ್ರಿ. ಆಕ್ಸ್‌ಫರ್ಡ್‌ಶೈರಿನ ಚಾರ್ಟರ್‌ವಿಲ್‌ನಲ್ಲಿ ಸ್ಥಳೀಯ ಕಲ್ಲು, ಡಾಡ್‌ಫರ್ಡಿನಲ್ಲಿ ಇಟ್ಟಿಗೆ ಮತ್ತು ಸ್ಲೇಟುಕಲ್ಲಿನ ಮಾಡು. ಇಟ್ಟಿಗೆಗೆ ಆಗ ಸುಂಕವಿತ್ತು, ಅದು ಹೋದದ್ದು 1850ರಲ್ಲಿ. ಕಿಟಕಿಗೂ ತೆರಿಗೆಯಿತ್ತು, 1851ರಲ್ಲಿ ರದ್ದಾಯಿತು. ಆದರೆ 8ಕ್ಕಿಂತ ಕಡಿಮೆ ಕಿಟಕಿ ಇದ್ದ ಮನೆಗೆ ಅದು ತಗಲುತ್ತಿರಲಿಲ್ಲವಾದ್ದರಿಂದ ಇಂಥ ಪುಟ್ಟ ಮನೆಗಳು ಪಾರಾದವು. ತಾವು ಮಾಡಿನ ವಿಷಯ ಕೇಳಿಲ್ಲವಾದರೂ ಹೇಳುತ್ತೇನೆ: ಅಲ್ಲಿ ಸ್ಲೇಟು ಹೊದಿಸುವಾಗ ನಮ್ಮ ಮಲೆನಾಡಿನಲ್ಲಿ ಹುಲ್ಲು ಅಥವಾ ನಾಡಹೆಂಚೇ ಗತಿ. ಬಾಸೆಲ್ ಮಿಷನ್ನಿನವರ ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ ಆರಂಭವಾದದ್ದು 1865ರಲ್ಲಿ.

ಪ್ರಶ್ನೆ: 4 ಎಕರೆಯಲ್ಲಿ ಸಂಸಾರ ಸಾಗಿತೇ? ನಿಜ ಹೇಳಿ.
– ಸಣ್ಣ ಬೆಳೆಗಾರ, ಮೂಡಿಗೆರೆ

ಉತ್ತರ: ಬಹಳ ಜನಕ್ಕೆ ಸಾಗಲಿಲ್ಲ. ಬಂದವರಲ್ಲಿ ಹೆಚ್ಚಿನವರು ಲಂಕಾಷೈರ್, ಯಾರ್ಕ್‌ಶೈರ್ ಮುಂತಾದ ಕಡೆಯ ನೇಕಾರರು, ದರ್ಜಿಗಳು, ಚಪ್ಪಲಿ ಹೊಲಿಯುವವರು. ಮಗ್ಗದ ಕೈಗೆ ಸಲಿಕೆ ಒಗ್ಗುವಷ್ಟರಲ್ಲಿ ಮುಂಗಡದ ಹಣ ಕರಗುತ್ತಿತ್ತು. ಓ’ಕಾನರನ ಲೆಕ್ಕದಲ್ಲಿ ಆಲೂಗಡ್ಡೆಗೆ ದೊಡ್ಡ ಪಾಲಿತ್ತು. 1845ರಿಂದ ಆಲೂಗಡ್ಡೆಗೆ ಅಂಗಮಾರಿ ಬಿದ್ದು ಐರ್ಲೆಂಡೇ ಬರಗಾಲಕ್ಕೆ ತುತ್ತಾಗಿತ್ತು. ಕಾಫಿಯ ಮೇಲೆ ಮೆಣಸು, ಮೆಣಸಿನ ಮೇಲೆ ಅಡಿಕೆ ಎಂದು ಕಾಗದದ ಮೇಲೆ ಎಕರೆಯ ಆದಾಯ ಕೂಡಿಸಿ, ಕೊಳೆರೋಗ ಬಂದ ವರ್ಷ ಆ ಕಾಗದ ಮಡಿಸಿಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ.

ಕಂಪನಿಯೂ ಕಾನೂನಿನ ಕಟ್ಟಿನಲ್ಲಿ ಸಿಕ್ಕಿಕೊಂಡಿತು. 1848ರಲ್ಲಿ ಸಂಸತ್ತಿನ ಆಯ್ದ ಸಮಿತಿ ವಿಚಾರಣೆ ನಡೆಸಿ, ಚೀಟಿ ಎತ್ತಿ ಭೂಮಿ ಹಂಚುವುದು ಕಾನೂನಿಗೆ ವಿರುದ್ಧ, ಲೆಕ್ಕಪತ್ರ ಸರಿಯಾಗಿಲ್ಲ ಎಂದಿತು. ಓ’ಕಾನರ್ ಹಣ ನುಂಗಿದ್ದಾನೆಂದು ಪತ್ರಿಕೆಗಳು ಬರೆದದ್ದುಂಟು; ಲೆಕ್ಕ ತೆಗೆದಾಗ ಕಂಪನಿಯೇ ಅವನಿಗೆ ಬಾಕಿ ಇರುವುದು ಕಂಡುಬಂತು. ಚಾರ್ಟರ್‌ವಿಲ್‌ನಲ್ಲಿ ಅಡಮಾನ ಹಿಡಿದವರು ನಿವಾಸಿಗಳನ್ನು ಹೊರಡಿಸಿದರು. 1851ರಲ್ಲಿ ಕಾಯ್ದೆಯ ಮೂಲಕವೇ ಕಂಪನಿಯನ್ನು ಮುಚ್ಚಲಾಯಿತು. ಓ’ಕಾನರ್ 1855ರಲ್ಲಿ ತೀರಿಕೊಂಡ.

ಡಾಡ್‌ಫರ್ಡಿನ ಕಥೆ ಸ್ವಲ್ಪ ಬೇರೆ, ಆ ಮನೆ ಉಳಿದ ಗುಟ್ಟೂ ಅಲ್ಲಿದೆ. ಚೀಟಿ ನಿಷಿದ್ಧವಾದ್ದರಿಂದ ಅಲ್ಲಿನ ಹಿಡುವಳಿಗಳು ಹೆಚ್ಚು ಮುಂಗಡ ಕಟ್ಟಿದವರಿಗೆ ಹೋದವು. ಅಂದರೆ ಬರಿಗೈಯವರು ಅಲ್ಲಿಗೆ ಬರಲಿಲ್ಲ. ಬಂದವರು ಕಾಳುಬೇಳೆಯನ್ನು ನೆಚ್ಚಿಕೊಳ್ಳದೆ ಕ್ರಮೇಣ ತರಕಾರಿ, ಹಣ್ಣು, ಮುಖ್ಯವಾಗಿ ಸ್ಟ್ರಾಬೆರಿ ಹಾಕತೊಡಗಿದರು. ಮಣ್ಣು ಜಿಗುಟು, ಆದರೆ ಬರ್ಮಿಂಗ್‌ಹ್ಯಾಮ್ ಪೇಟೆ ಕುದುರೆಗಾಡಿಯ ದೂರ. ಡಾಡ್‌ಫರ್ಡಿನ ಸ್ಟ್ರಾಬೆರಿ ಹೆಸರುವಾಸಿಯಾಗಿ, ಕೊಯ್ಲಿನ ಕಾಲಕ್ಕೆ ಅದರ ಹೆಸರಿನಲ್ಲೇ ಒಂದು ಜಾತ್ರೆಯೂ ನಡೆಯುತ್ತಿತ್ತು. ಆದಾಯ ಮನೆಯನ್ನು ಬೀಳದಂತೆ ನೋಡಿಕೊಳ್ಳುವಷ್ಟಿತ್ತು, ಮಹಡಿ ಎಬ್ಬಿಸುವಷ್ಟಿರಲಿಲ್ಲ. ರೋಸ್‌ಡೀನ್ ಹಾಗೆಯೇ ಉಳಿಯಲು ಯಾವ ಕಾಯ್ದೆಗಿಂತ ಮೊದಲು ಈ ಮಧ್ಯಮ ಬಡತನವೇ ಕಾವಲು ಕಾದದ್ದು ಎಂಬುದು ನನ್ನ ಎಣಿಕೆ.

ಪ್ರಶ್ನೆ: ಕೊನೆಗೆ ಅವರಿಗೆ ಮತ ಸಿಕ್ಕಿತೇ? ಭೂಮಿಗೂ ಮತಕ್ಕೂ ಇಂಥ ನಂಟು ನಮ್ಮ ಮೈಸೂರು ಸಂಸ್ಥಾನದಲ್ಲಿ ಇತ್ತೇ?
– ಕಾನೂನು ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಮನೆಗೆ ಬಂದ ಕೂಡಲೇ ಸಿಗಲಿಲ್ಲ, ಹಕ್ಕುಪತ್ರವೇ ಗೊಂದಲದಲ್ಲಿತ್ತು. ನಿವಾಸಿಗಳು ಒಡೆಯರೋ ಕಂಪನಿಯ ಗೇಣಿದಾರರೋ ಎಂಬುದು ಇತ್ಯರ್ಥವಾಗುವ ಹೊತ್ತಿಗೆ ಕಂಪನಿಯೇ ಇರಲಿಲ್ಲ. ಸನ್ನದಿನ ಬೇಡಿಕೆಗಳು ಮಾತ್ರ ಒಂದೊಂದಾಗಿ, ಅವನ್ನು ಕೇಳಿದವರು ಹೋದ ಮೇಲೆ ಕಾನೂನಾದವು. ಸದಸ್ಯರ ಆಸ್ತಿಯ ಷರತ್ತು 1858ರಲ್ಲಿ ಹೋಯಿತು, ಗುಪ್ತ ಮತದಾನ 1872ರಲ್ಲಿ ಬಂತು, ಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದ ಗಂಡಸರಿಗೆ 1884ರಲ್ಲಿ ಮತ ಸಿಕ್ಕಿತು, ಸದಸ್ಯರಿಗೆ ಸಂಬಳ 1911ರಲ್ಲಿ, ವಯಸ್ಕ ಗಂಡಸರೆಲ್ಲರಿಗೂ ಮತ 1918ರಲ್ಲಿ. ವರ್ಷಕ್ಕೊಂದು ಚುನಾವಣೆ ಎಂಬುದೊಂದು ಈಡೇರಲಿಲ್ಲ, ಈಡೇರದ್ದೇ ಕ್ಷೇಮ. ಹೆಂಗಸರನ್ನು ಸನ್ನದು ಸೇರಿಸಿಕೊಂಡಿರಲಿಲ್ಲ, ಆದರೆ ಭೂ ಕಂಪನಿಯ ಷೇರು ಪಟ್ಟಿಯಲ್ಲಿ ಹೆಂಗಸರ ಹೆಸರುಗಳಿವೆ. ಷೇರಿಗೆ ಅವರ ಕಾಸು ಆಗುತ್ತಿತ್ತು. ಗಂಡಸರಿಗೆ ಸಮನಾದ ಮತ ಅವರಿಗೆ ಸಿಕ್ಕಿದ್ದು 1928ರಲ್ಲಿ.

ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ ಸದಸ್ಯರನ್ನು ಅಧಿಕಾರಿಗಳೇ ಆರಿಸುತ್ತಿದ್ದರು. 1891ರಿಂದ ಚುನಾವಣೆ ಬಂದರೂ ಆಸ್ತಿಯ ಅರ್ಹತೆ ಇದ್ದವರಿಗಷ್ಟೇ ಅದರಲ್ಲಿ ಪ್ರವೇಶ. ಆ ಕಾಲದ ಹಾಸನ ಜಿಲ್ಲೆಯ ಗೇಣಿದಾರನಿಗೂ ಲಂಕಾಷೈರಿನ ನೇಕಾರನಿಗೂ ಈ ಒಂದು ಮಾತಿನಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಮುಂದೆ ಕ್ರಮ ತಿರುವುಮುರುವಾಯಿತು. ಅಲ್ಲಿ ಭೂಮಿಯನ್ನು ಮೆಟ್ಟಿಲು ಮಾಡಿಕೊಂಡು ಮತಕ್ಕೆ ಕೈಚಾಚಿದರು; ಇಲ್ಲಿ 1951–52ರ ಮಹಾಚುನಾವಣೆಯಲ್ಲಿ ಒಂದು ಗುಂಟೆ ಇಲ್ಲದವನೂ ಮತ ಹಾಕಿದ, ಭೂಮಿಗಾಗಿ 1974ರ ಭೂ ಸುಧಾರಣಾ ತಿದ್ದುಪಡಿಯವರೆಗೆ ಕಾದ. ನಮೂನೆ 7ರ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತವರ ಮನೆಗಳು ತಮ್ಮ ಜಿಲ್ಲೆಯಲ್ಲಿ ಇನ್ನೂ ಇವೆ. ಹಾಗೆ ಬಂದ ಭೂಮಿಯ ಮೇಲೆ ಕಟ್ಟಿದ ಮೊದಲ ಮನೆಯ ನಕ್ಷೆಯೊಂದನ್ನು ತಾವು ತಯಾರಿಸಿ ಕಳುಹಿಸಿದರೆ ಈ ಪುಟದಲ್ಲಿ ಸಂತೋಷದಿಂದ ಅಚ್ಚು ಹಾಕುತ್ತೇನೆ.

ಪ್ರಶ್ನೆ: ಬೇಲೂರಿನ ಹತ್ತಿರ ನಮ್ಮ ತಾತ ಕಟ್ಟಿಸಿದ ಮಣ್ಣುಗೋಡೆಯ ಮನೆ ಇದೆ. ಅಲ್ಲಿಯ ಹಾಗೆ ನಮ್ಮ ಮನೆಯನ್ನೂ ಸರ್ಕಾರ ಸಂರಕ್ಷಿತ ಎಂದು ಘೋಷಿಸಬಹುದೇ? ಗೋಡೆಯ ಬುಡ ಉದುರುತ್ತಿದ್ದು, ಮೇಸ್ತ್ರಿ ಸಿಮೆಂಟು ಬಳಿಸಿ ಎನ್ನುತ್ತಿದ್ದಾನೆ.
– ಓದುಗರೊಬ್ಬರು, ಬೇಲೂರು ತಾಲ್ಲೂಕು

ಉತ್ತರ: ಇಂಗ್ಲೆಂಡಿನಲ್ಲಿ ಎರಡು ಬಗೆಯಿದೆ. ಒಂದು, 1947ರ ಯೋಜನಾ ಕಾಯ್ದೆಯಿಂದ ಬೆಳೆದುಬಂದ ಪಟ್ಟಿ. ಪಟ್ಟಿಗೆ ಸೇರಿದ ಮನೆಯಲ್ಲಿ ಮಾಲೀಕ ಮಾಮೂಲಾಗಿ ವಾಸವಿರಬಹುದು, ಮಾರಬಹುದು; ಆದರೆ ಅದರ ಸ್ವರೂಪ ಬದಲಾಗುವಂಥ ಕೆಲಸಕ್ಕೆ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು, ಒಪ್ಪಿಗೆ ಇಲ್ಲದೆ ಮಾಡಿದರೆ ಅದು ಅಪರಾಧ. ಇನ್ನೊಂದು, 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟಿನಂಥ ಸಂಸ್ಥೆ ಮನೆಯನ್ನೇ ತನ್ನದಾಗಿಸಿಕೊಂಡು ನೋಡಿಕೊಳ್ಳುವುದು.

ನಮ್ಮಲ್ಲಿ ಕೇಂದ್ರದ 1958ರ ಕಾಯ್ದೆಯೂ ರಾಜ್ಯದ 1961ರ ಕಾಯ್ದೆಯೂ ದೇವಸ್ಥಾನ, ಕೋಟೆ, ಶಾಸನಗಳಂಥ ಸ್ಮಾರಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಮೈಸೂರಿನಂಥ ನಗರದಲ್ಲಿ ಪಾರಂಪರಿಕ ಕಟ್ಟಡಗಳ ಪಟ್ಟಿ ಇದೆ. ಹಳ್ಳಿಯ ಮನೆಗೆ ಆ ಯೋಗ ಅಪರೂಪ. ತಾವು ಇನ್ನೊಂದು ವಿಷಯವನ್ನು ಗಮನಿಸಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಮನೆ ಆ ಎಲ್ಲೆಯೊಳಗೆ ಬಂದರೆ ದುರಸ್ತಿಗೂ ಮೊದಲು ಅನುಮತಿ ಪಡೆಯಬೇಕಾಗುತ್ತದೆ. ಕಲ್ಲಿನ ಗುಡಿಗಾಗಿ ಮಾಡಿದ ನಿಯಮ ಪಕ್ಕದ ಮಣ್ಣಿನ ಮನೆಗೆ ಕಟ್ಟುಪಾಡು ತರುತ್ತದೆ, ರಕ್ಷಣೆ ತರುವುದಿಲ್ಲ. ಇದು ಸರಿಯಲ್ಲ ಎಂದು ನಾನು ಹಿಂದೆಯೂ ಬರೆದಿದ್ದೇನೆ.

ಸಿಮೆಂಟು ಬೇಡ. ಜಾವಗಲ್ ಕಡೆಯ ಒಂದು ಮಣ್ಣುಗೋಡೆಯ ಮನೆಯಲ್ಲಿ ನಾನೇ ನೋಡಿದ್ದೇನೆ: ಹೊರಗೆ ಸೊಂಟದೆತ್ತರಕ್ಕೆ ನುಣುಪಾದ ಸಿಮೆಂಟು, ಬೆರಳ ಗೆಣ್ಣಿನಿಂದ ತಟ್ಟಿದರೆ ಖಾಲಿ ಮಡಕೆಯ ಸದ್ದು, ಮನೆಯವರು ಒಂದು ಚಕ್ಕೆ ಎಬ್ಬಿಸಿ ತೋರಿಸಿದಾಗ ಒಳಗಿನ ಮಣ್ಣು ಹಿಟ್ಟಿನ ಹಾಗೆ ಸುರಿಯಿತು. ನೆಲದಿಂದ ಏರುವ ತೇವ ಗೋಡೆಯ ಮೈಯಿಂದ ಹೊರಗೆ ಹೋಗಬೇಕು. ಸುಣ್ಣ ಅದಕ್ಕೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಹಳೆಯ ಮನೆಯ ದುರಸ್ತಿಯಲ್ಲಿ ಅಲ್ಲಿಯವರೂ ಸುಣ್ಣವನ್ನೇ ಹಿಡಿದಿರುವುದು ಇದೇ ಕಾರಣಕ್ಕೆ.

ಮೊದಲು ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಚರಂಡಿ ತಿರುಗಿಸಿ. ದೀಪಾವಳಿ ಕಳೆದ ಮೇಲೆ ಉದುರುವ ಭಾಗವನ್ನು ಗಟ್ಟಿ ಮಣ್ಣು ಸಿಗುವವರೆಗೆ ಕೆರೆಸಿ, ಶಿವರಾತ್ರಿಯವರೆಗೆ ಒಣಗಲು ಬಿಡಿ. ಆಮೇಲೆ ಅದೇ ಬಣ್ಣದ ಮಣ್ಣಿನಿಂದ ತುಂಬಿಸಿ ಮೇಲೆ ಸುಣ್ಣದ ಗಾರೆ ಮಾಡಿಸಿ, ಬಿಸಿಲಿಗೆ ಬಿರಿಯದಂತೆ ಕೆಲವು ದಿನ ಒದ್ದೆ ಗೋಣಿ ಹೊದಿಸಿಡಿ. ಮುಂಗಾರಿಗೆ ಒಂದು ತಿಂಗಳು ಮುಂಚೆ ಕೆಲಸ ಮುಗಿದಿರಲಿ. ಮೇಸ್ತ್ರಿ ಒಪ್ಪದಿದ್ದರೆ, ಸುಣ್ಣದ ಕೆಲಸ ಬಲ್ಲ ಹಿರಿಯರು ಹಳೇಬೀಡಿನ ಕಡೆ ಇನ್ನೂ ಇದ್ದಾರೆಯೇ ಎಂದು ಒಮ್ಮೆ ವಿಚಾರಿಸಿ ನೋಡಿ.